ಸ್ಯಾಕರಿನ್ ಹಾಕಿ, ಕರೆಂಟು ತಡೆತಡೆದು ಬಿಡಿ: ನ್ಯಾನೋ ಹರಳಿನ ನಿಕ್ಕಲ್ ತಯಾರಿ

ಕಲ್ಲುಸಕ್ಕರೆ ಮಾಡುವವರು ಪಾಕದಲ್ಲಿ ದಾರ ಇಳಿಬಿಟ್ಟು, ಅಲ್ಲಾಡಿಸದೆ ಸುಮ್ನೆ ಇಡುತ್ತಾರೆ. ಹರಳು ನಿಧಾನಕ್ಕೆ ದಪ್ಪವಾಗುತ್ತದೆ. ಅದೇ ಪಾಕವನ್ನು ಸೌಟಿನಿಂದ ತಿರುವುತ್ತಲೇ ಇದ್ದರೆ ಸಿಗುವುದು ಪುಡಿ ಸಕ್ಕರೆ. ಲೋಹದೊಳಗೂ ಹರಳುಗಳಿವೆ. ಹುಟ್ಟಿದ ಹರಳನ್ನು ಬೆಳೆಯಲು ಬಿಡದೆ, ಪಕ್ಕದಲ್ಲೇ ಹೊಸದು ಹುಟ್ಟುವಂತೆ ಮಾಡುತ್ತಾ ಹೋದರೆ ನ್ಯಾನೋ ಹರಳಿನ, ಅಂದರೆ ಕಣ್ಣಿಗೆ ಕಾಣದಷ್ಟು ಚಿಕ್ಕ ಹರಳುಗಳ ಲೋಹ ತಯಾರು. ಅದಕ್ಕೆ ಪ್ಲೇಟಿಂಗ್ ತೊಟ್ಟಿಯೇ ಸಾಕು, ಅಂದರೆ ದ್ರಾವಣದಲ್ಲಿ ಕರೆಂಟು ಹರಿಸಿ ಲೋಹ ಲೇಪಿಸುವ ತೊಟ್ಟಿ.

ಆದರೆ ಇದನ್ನು ಅಡುಗೆಮನೆಯಲ್ಲಿ ಮಾಡಲು ಹೋಗಬೇಡಿ. ನಿಕ್ಕಲ್ ಲವಣದ ತುಂತುರು ಉಸಿರಿನೊಳಗೆ ಹೋದರೆ ಕ್ಯಾನ್ಸರ್ ಬರಬಹುದು, ಚರ್ಮಕ್ಕೆ ತಾಗಿದರೆ ಅಲರ್ಜಿ. ಲ್ಯಾಬು, ಗ್ಲೌಸು, ಹೊಗೆ ಎಳೆಯುವ ಫ್ಯಾನು ಬೇಕೇ ಬೇಕು.

ಮೊದಲು ದ್ರಾವಣ. ಒಂದು ಲೀಟರಿಗೆ 300 ಗ್ರಾಂ ನಿಕ್ಕಲ್ ಸಲ್ಫೇಟ್, 45 ಗ್ರಾಂ ನಿಕ್ಕಲ್ ಕ್ಲೋರೈಡ್, 45 ಗ್ರಾಂ ಬೋರಿಕ್ ಆಸಿಡ್. 1916ರಲ್ಲಿ ಅಮೆರಿಕದ ವಿಜ್ಞಾನಿ ಆಲಿವರ್ ವಾಟ್ಸ್ ತೋರಿಸಿದ ದಾರಿ ಇದು. ಪ್ಲೇಟಿಂಗ್‌ನವರಿಗೆಲ್ಲ ಗೊತ್ತಿರುವ 'ವಾಟ್ಸ್ ಬಾತ್'. ಇದಕ್ಕೆ 5 ಗ್ರಾಂ ಸ್ಯಾಕರಿನ್ ಸೇರಿಸಿ. ಹೌದು, ಸಿಹಿಗೆ ಹಾಕುವ ಅದೇ ಸ್ಯಾಕರಿನ್! ಹೊಳಪಿಗೆಂದು ಪ್ಲೇಟಿಂಗ್‌ನವರು ಮೊದಲಿಂದಲೂ ಹಾಕುತ್ತಿದ್ದದ್ದೇ. ಅದು ಲೋಹದ ಮೈಗೆ ಅಂಟಿಕೊಂಡು, ಪರಮಾಣುಗಳು ಸರಿದಾಡಿ ದೊಡ್ಡ ಹರಳಿಗೆ ಸೇರದಂತೆ ಅಡ್ಡಗಟ್ಟುತ್ತದೆ. ಪಿಎಚ್ 2, ಬಿಸಿ 65 ಡಿಗ್ರಿ ಸೆಲ್ಸಿಯಸ್ ಇರಲಿ.

ಪಾಸಿಟಿವ್‌ಗೆ ನಿಕ್ಕಲ್, ನೆಗೆಟಿವ್‌ಗೆ ಟೈಟಾನಿಯಂ ತಗಡು. ಟೈಟಾನಿಯಂಗೆ ನಿಕ್ಕಲ್ ಗಟ್ಟಿಯಾಗಿ ಕಚ್ಚುವುದಿಲ್ಲ, ಕೊನೆಗೆ ಹಾಳೆಯಂತೆ ಸುಲಿಯಬಹುದು. ತಗಡನ್ನು ಉಜ್ಜಿ ತೊಳೆದ ಮೇಲೆ ನೀರಲ್ಲಿ ಅದ್ದಿ ಎತ್ತಿ ನೋಡಿ. ನೀರು ಇಡೀ ಮೈಮೇಲೆ ಒಂದೇ ಪದರವಾಗಿ ನಿಂತರೆ ಸರಿ. ಕೆಸುವಿನೆಲೆಯ ಮೇಲಿನಂತೆ ಹನಿಹನಿಯಾದರೆ ಜಿಡ್ಡು ಉಳಿದಿದೆ, ಮತ್ತೆ ತೊಳೆಯಿರಿ.

ಈಗ ಕರೆಂಟು. ನನ್ನ ಪ್ರಕಾರ ಇಡೀ ಕೆಲಸದ ಜೀವ ಇಲ್ಲೇ ಇದೆ. ಚದರ ಸೆಂಟಿಮೀಟರಿಗೆ 1.9 ಆಂಪಿಯರ್‌ನಂತೆ 2.5 ಮಿಲಿಸೆಕೆಂಡು ಬಿಡಿ, 45 ಮಿಲಿಸೆಕೆಂಡು ನಿಲ್ಲಿಸಿ, ಮತ್ತೆ ಬಿಡಿ. ಜೋರು ಹೊಡೆತಕ್ಕೆ ಹರಳುಗಳು ಗುಂಪುಗುಂಪಾಗಿ ಹುಟ್ಟುತ್ತವೆ. ಬಿಡುವಿನಲ್ಲಿ, ಖಾಲಿಯಾದ ಜಾಗಕ್ಕೆ ದ್ರಾವಣದಿಂದ ಹೊಸ ನಿಕ್ಕಲ್ ಬಂದು ಸೇರುತ್ತದೆ. ಸರಾಸರಿ ಲೆಕ್ಕ ಹಾಕಿದರೆ ಚದರ ಸೆಂಟಿಮೀಟರಿಗೆ ಬರೀ 0.1 ಆಂಪಿಯರ್. ಹಾಗಾಗಿ ಗಂಟೆಗೆ ಹೆಚ್ಚೆಂದರೆ 0.12 ಮಿಲಿಮೀಟರ್ ದಪ್ಪ ಬರುತ್ತದೆ. ಇಂಥ ಹೊಡೆತ ಕೊಡಲು ಕರೆಂಟನ್ನು ತಡೆತಡೆದು ಬಿಡುವ ಪಲ್ಸ್ ರೆಕ್ಟಿಫೈಯರ್ ಬೇಕು, ಮಾಮೂಲಿ ರೆಕ್ಟಿಫೈಯರ್ ಸಾಲದು.

ಹರಳು ನಿಜಕ್ಕೂ ಚಿಕ್ಕದಾಯಿತಾ? ಬರೀ ಹೊಳಪು ನಂಬಬೇಡಿ. ಲೋಹಕ್ಕೆ ಎಕ್ಸ್-ರೇ ಬಿಟ್ಟು ಅದು ಚದುರುವ ರೀತಿ ನೋಡುವ ಎಕ್ಸ್-ರೇ ಡಿಫ್ರಾಕ್ಷನ್ ಪರೀಕ್ಷೆ ಮಾಡಿಸಿ. ಅದರ ಗ್ರಾಫಿನ ಶಿಖರಗಳು ಅಗಲವಾದಷ್ಟೂ ಹರಳು ಚಿಕ್ಕದು. 10–20 ನ್ಯಾನೋಮೀಟರಿಗೆ ಇಳಿದರೆ ಗಡಸುತನ ಮಾಮೂಲಿ ನಿಕ್ಕಲಿನ ಸುಮಾರು ನಾಲ್ಕು ಪಟ್ಟಾಗುತ್ತದೆ. ಕೆನಡಾದಲ್ಲಿ 1990ರ ದಶಕದಲ್ಲೇ ಅಣು ವಿದ್ಯುತ್ ಸ್ಥಾವರದ ಸ್ಟೀಮ್ ಜನರೇಟರ್ ಕೊಳವೆಗಳನ್ನು ಒಳಗಿನಿಂದ ಇಂಥ ನಿಕ್ಕಲ್ ಲೇಪಿಸಿ ರಿಪೇರಿ ಮಾಡಿದ್ದರು.

ಒಂದು ತೊಡಕಿದೆ. ಸ್ಯಾಕರಿನ್‌ನ ಗಂಧಕ ಚೂರು ಲೋಹದೊಳಗೆ ಸೇರಿಕೊಳ್ಳುತ್ತದೆ. ಜಾಸ್ತಿ ಕಾಯಿಸಿದರೆ ಹರಳುಗಳು ಮತ್ತೆ ಬೆಳೆಯುತ್ತವೆ, ಗಂಧಕ ಅವುಗಳ ಅಂಚಿಗೆ ಬಂದು ಕೂರುತ್ತದೆ. ಆಮೇಲೆ ಹಾಳೆ ಬಗ್ಗಿಸಿದರೆ ಹಪ್ಪಳದಂತೆ ಮುರಿಯುತ್ತದೆ.