ದಿಂಬು, ಕಂಬಳಿ, ಕುರ್ಚಿಯ ಆಸರೆಯಲ್ಲಿ ವಿಶ್ರಾಂತಿಯ ಯೋಗಾಭ್ಯಾಸ

ದಿನವಿಡೀ ಕುಳಿತು ಕೆಲಸ ಮಾಡಿದವರು ಸಂಜೆ ನೆಲದ ಮೇಲೆ ಅಂಗಾತ ಮಲಗಿದರೂ ಬಿಗಿತ ಸಡಿಲವಾಗುವುದಿಲ್ಲ. ಕತ್ತಿನ ಬಾಗಿನಲ್ಲಿ, ಸೊಂಟದ ಕೆಳಗೆ, ಮಂಡಿಯ ಹಿಂದೆ ನೆಲಕ್ಕೂ ದೇಹಕ್ಕೂ ನಡುವೆ ಸಂದು ಉಳಿಯುವುದೂ, ಅಲ್ಲಿನ ಸ್ನಾಯುಗಳು ಮಲಗಿದಾಗಲೂ ಸ್ವಲ್ಪ ಬಿಗಿಯಾಗಿಯೇ ಇರುವುದೂ ಇದಕ್ಕೆ ಒಂದು ಕಾರಣ. ಈ ಸಂದುಗಳನ್ನು ಮೊದಲು ತುಂಬಿಸಿ, ಅನಂತರ ಆಸನದಲ್ಲಿ ಉಳಿಯುವುದೇ ಈ ಅಭ್ಯಾಸದ ತಿರುಳು.

ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ 1918ರಲ್ಲಿ ಹುಟ್ಟಿ, ಮೈಸೂರಿನಲ್ಲಿ ತಿರುಮಲೈ ಕೃಷ್ಣಮಾಚಾರ್ಯರ ಬಳಿ ಯೋಗ ಕಲಿತು, 1937ರಲ್ಲಿ ಪುಣೆಗೆ ಹೋಗಿ ನೆಲೆಸಿದ ಬಿ.ಕೆ.ಎಸ್. ಅಯ್ಯಂಗಾರ್ ಅವರು ಆಸನಗಳಿಗೆ ದಿಂಬು, ಕಂಬಳಿ, ಪಟ್ಟಿ, ಕುರ್ಚಿಗಳ ಆಸರೆ ಕೊಡುವ ಪದ್ಧತಿಯನ್ನು ವ್ಯವಸ್ಥಿತವಾಗಿ ಬೆಳೆಸಿದರು. ಇಂದು ರೆಸ್ಟೋರೇಟಿವ್ ಯೋಗ, ಅಂದರೆ ಆಸರೆಯಲ್ಲಿ ವಿಶ್ರಮಿಸುವ ಯೋಗ, ಎಂದು ಕರೆಯುವುದು ಬಹುಮಟ್ಟಿಗೆ ಅವರ ಪಾಠದಿಂದಲೇ ಹೊಮ್ಮಿದ್ದು.

ಮನೆಯಲ್ಲಿ ಅಭ್ಯಾಸಕ್ಕೆ ಒಂದು ಗಟ್ಟಿಯಾದ ಲೋಡು, ಮೂರು ಕಂಬಳಿ, ಒಂದು ಕುರ್ಚಿ, ಕಣ್ಣಿನ ಮೇಲೆ ಹಾಕಿಕೊಳ್ಳಲು ತೆಳುವಾದ ಹತ್ತಿ ಬಟ್ಟೆ ಸಾಕು. ಭಾರ ಬಿದ್ದ ಕೂಡಲೇ ಕುಸಿಯುವ ಮೆತ್ತನೆಯ ದಿಂಬು ಪ್ರಯೋಜನಕ್ಕೆ ಬಾರದು. ಊಟವಾಗಿ ಮೂರು ಗಂಟೆಯಾದರೂ ಕಳೆದಿರಲಿ.

ಕುರ್ಚಿಯ ಆಸರೆಯ ಶವಾಸನದಿಂದ ಆರಂಭಿಸುವುದು ಒಳ್ಳೆಯದು. ಕುರ್ಚಿಯ ಮುಂದೆ ಕಂಬಳಿ ಹಾಸಿ, ಪಕ್ಕಕ್ಕೆ ಮಲಗಿ, ನಿಧಾನವಾಗಿ ಅಂಗಾತ ತಿರುಗಿ, ಮಂಡಿಯ ಹಿಂಭಾಗದಿಂದ ಹಿಮ್ಮಡಿಯವರೆಗೂ ಮೀನಖಂಡ ಪೂರ್ತಿಯಾಗಿ ಕುರ್ಚಿಯ ಮೇಲೆ ಕೂರುವಂತೆ ಕಾಲುಗಳನ್ನು ಇಡಬೇಕು. ಕುರ್ಚಿ ಎತ್ತರವಾಗಿ ಸೊಂಟ ಎಳೆದಂತಾದರೆ, ಸೊಂಟದ ಕೆಳಗೆ ಮಡಚಿದ ಕಂಬಳಿಯೊಂದನ್ನು ಸೇರಿಸಬೇಕು. ತಲೆಯ ಕೆಳಗಿನ ಕಂಬಳಿಯ ವಿಷಯದಲ್ಲಿ ಅವಸರ ಬೇಡ. ಗದ್ದ ಮೇಲೆದ್ದು ಹಣೆ ಹಿಂದಕ್ಕೆ ಜಾರಿದ್ದರೆ ಇನ್ನೊಂದು ಮಡಿಕೆ ಹಾಕಿ, ಹಣೆ ಗದ್ದಕ್ಕಿಂತ ಕೂದಲೆಳೆಯಷ್ಟು ಎತ್ತರವಾಗುವಂತೆ ನೋಡಿಕೊಳ್ಳಿ. ಕಂಬಳಿಯ ಅಂಚನ್ನು ಸುರುಳಿ ಸುತ್ತಿ ಕತ್ತಿನ ಬಾಗಿಗೆ ಒತ್ತಿದಾಗ ಕಚ್ಚಿ ಹಿಡಿದಿದ್ದ ದವಡೆ ತಾನಾಗಿಯೇ ಸಡಿಲಗೊಳ್ಳುವುದು ತಿಳಿಯುತ್ತದೆ. ಅಂಗೈಗಳು ಮೇಲ್ಮುಖವಾಗಿರಲಿ. ಕಣ್ಣಿಗೆ ಬಟ್ಟೆ ಹಾಕಿ, ಉಸಿರನ್ನು ಎಳೆದುಕೊಳ್ಳುವುದಕ್ಕಿಂತ ಬಿಡುವುದಕ್ಕೆ ತುಸು ಹೆಚ್ಚು ಹೊತ್ತು ಕೊಡಿ, ಏಕೆಂದರೆ ನಿಶ್ವಾಸದ ವೇಳೆ ಹೃದಯ ಬಡಿತ ಸಹಜವಾಗಿಯೇ ನಿಧಾನಗೊಳ್ಳುತ್ತದೆ. ಯೋಗದ ಹಳೆಯ ಸಂಸ್ಕೃತ ಗ್ರಂಥವಾದ ಹಠಯೋಗ ಪ್ರದೀಪಿಕೆ ಶವಾಸನವನ್ನು ಶ್ರಮ ಕಳೆಯುವ, ಚಿತ್ತಕ್ಕೆ ವಿಶ್ರಾಂತಿ ನೀಡುವ ಆಸನವೆಂದು ಹೇಳಿದೆ. ಇದೊಂದರಲ್ಲೇ 15 ನಿಮಿಷ ಉಳಿಯುವುದು ಐದು ಆಸನಗಳನ್ನು ಅವಸರದಲ್ಲಿ ಮುಗಿಸುವುದಕ್ಕಿಂತ ಮೇಲು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಸುಪ್ತ ಬದ್ಧಕೋಣಾಸನಕ್ಕೆ ಲೋಡನ್ನು ಬೆನ್ನಿನ ಉದ್ದಕ್ಕೆ ಇಟ್ಟು, ಅದರ ಅಂಚಿಗೆ ಸೊಂಟ ತಾಗುವಂತೆ ನೆಲದ ಮೇಲೆ ಕುಳಿತು, ಅಂಗಾಲುಗಳನ್ನು ಜೋಡಿಸಿ ಹಿಂದಕ್ಕೆ ಒರಗಬೇಕು. ಇಲ್ಲಿ ಬಹಳ ಜನ ಮಂಡಿಗಳನ್ನು ಗಾಳಿಯಲ್ಲಿ ತೂಗಲು ಬಿಡುತ್ತಾರೆ. ಆಗ ತೊಡೆಸಂದು ಎಳೆಯುತ್ತದೆ, ಮನಸ್ಸು ಆ ನೋವಿನ ಕಡೆಗೇ ಓಡುತ್ತದೆ. ಎರಡೂ ತೊಡೆಗಳ ಕೆಳಗೆ ಕಂಬಳಿ ಸುರುಳಿ ಇಟ್ಟು, ಎಳೆತ ಪೂರ್ತಿ ನಿಲ್ಲುವವರೆಗೆ ಎತ್ತರ ಹೆಚ್ಚಿಸಿ. 5ರಿಂದ 10 ನಿಮಿಷ ಸಾಕಾಗುತ್ತದೆ.

ಬೋರಲಾಗಿರುವುದು ಹಿತವೆನಿಸುವವರು ಮಂಡಿಗಳನ್ನು ಅಗಲಿಸಿ ಕುಳಿತು, ಲೋಡನ್ನು ಅಪ್ಪಿಕೊಂಡು ಬಾಲಾಸನ ಮಾಡಬಹುದು. ಒಂದು ಕೆನ್ನೆಯನ್ನು ಲೋಡಿನ ಮೇಲೆ ಒರಗಿಸಿ, ಅರ್ಧ ಹೊತ್ತಿಗೆ ಇನ್ನೊಂದು ಕೆನ್ನೆಗೆ ಬದಲಿಸಬೇಕು.

ಗರ್ಭಿಣಿಯರು ದಿನ ತುಂಬುತ್ತ ಬಂದಂತೆ ಅಂಗಾತ ಮಲಗುವುದನ್ನು ಬಿಟ್ಟು, ಮಂಡಿಗಳ ನಡುವೆ ದಿಂಬಿಟ್ಟು ಎಡಮಗ್ಗುಲಾಗಿ ಮಲಗುವುದು ಒಳ್ಳೆಯದು. ಗ್ಲಾಕೋಮಾ ಎಂಬ ಕಣ್ಣಿನ ಕಾಯಿಲೆ ಇರುವವರೂ ಹತೋಟಿಗೆ ಬಾರದ ರಕ್ತದೊತ್ತಡವಿರುವವರೂ ಸೊಂಟವನ್ನು ತಲೆಗಿಂತ ಎತ್ತರಿಸುವ ಆಸನಗಳಿಗೆ ಮೊದಲು ವೈದ್ಯರನ್ನು ಕೇಳಲಿ. ಎಲ್ಲಿಯಾದರೂ ಜೋಮು ಹಿಡಿದರೆ, ಚುಚ್ಚಿದರೆ, ಸಹಿಸಿಕೊಂಡು ಮಲಗದೆ ಆಸರೆಯನ್ನು ಸರಿಪಡಿಸಿಕೊಳ್ಳಬೇಕು. ಸಮಯ ಮುಗಿದಾಗ ಬಟ್ಟೆ ತೆಗೆದು, ಬೆರಳುಗಳನ್ನು ಆಡಿಸಿ, ಮಂಡಿಗಳನ್ನು ಎದೆಯ ಕಡೆಗೆ ತಂದು, ಬಲಮಗ್ಗುಲಿಗೆ ಹೊರಳಿ, ಎರಡು ಮೂರು ಉಸಿರು ಅಲ್ಲೇ ಇದ್ದು, ನೆಲಕ್ಕೆ ಕೈಯೂರಿ, ತಲೆಯನ್ನು ಕೊನೆಯಲ್ಲಿ ಎತ್ತುತ್ತ ಎದ್ದು ಕುಳಿತುಕೊಳ್ಳಿ.