ಮೊದಲು ಪುಸ್ತಕ, ಹದಿನೈದು ದಿನ ಬಿಟ್ಟು ಸಿನಿಮಾ

ಕಾದಂಬರಿ ಓದಿ ಅದರ ಸಿನಿಮಾ ನೋಡಿದವರು ಮೊದಲು ಆಡುವ ಮಾತು, "ಪುಸ್ತಕದಲ್ಲಿರೋದು ಅರ್ಧವೂ ಬಂದಿಲ್ಲ" ಅಂತ. ಅರ್ಧ ಬರುವುದು ಸಾಧ್ಯವೇ ಇಲ್ಲ, ಲೆಕ್ಕ ಹಾಕಿ ನೋಡಿ. ಕನ್ನಡ ಕಾದಂಬರಿಯ ಒಂದು ಪುಟವನ್ನು ಜೋರಾಗಿ, ಅವಸರವಿಲ್ಲದೆ ಓದಲು ಎರಡೂವರೆಯಿಂದ ಮೂರು ನಿಮಿಷ ಬೇಕು. 300 ಪುಟಕ್ಕೆ ಹದಿಮೂರು ಹದಿನಾಲ್ಕು ಗಂಟೆಯಾಯಿತು. ಚಿತ್ರ ಇರುವುದು ಎರಡೂಕಾಲು ಗಂಟೆ. ಆರರಲ್ಲಿ ಒಂದು ಪಾಲಿಗೆ ಮಾತ್ರ ಜಾಗ. ಹಾಗಾಗಿ ಮೈಸೂರಿನಲ್ಲಿ ನಾವು ಎಂಟು ಜನ ಸೇರಿ ನಡೆಸುವ ಓದಿನಲ್ಲಿ "ಏನು ಬಿಟ್ಟರು" ಎನ್ನುವ ಪ್ರಶ್ನೆಯನ್ನು ಕೊನೆಗೆ ಇಟ್ಟಿದ್ದೇವೆ. ಮೊದಲ ಪ್ರಶ್ನೆ ಬೇರೆ: ಪುಸ್ತಕದಲ್ಲಿ ಕತೆ ಹೇಳುವ ಒಂದು ದನಿ ಇರುತ್ತದಲ್ಲ, ಚಿತ್ರದಲ್ಲಿ ಆ ದನಿ ಎಲ್ಲಿ ಹೋಯಿತು? ಪಾತ್ರದ ಮುಖಕ್ಕೆ ಹೋಯಿತೆ, ಹಾಡಿಗೆ ಹೋಯಿತೆ, ಕ್ಯಾಮೆರಾ ನಿಂತ ಜಾಗಕ್ಕೆ ಹೋಯಿತೆ, ಇಲ್ಲ ಪೂರ್ತಿ ಕಳೆದೇ ಹೋಯಿತೆ? ನಮ್ಮ ಉಳಿದ ಕ್ರಮವೆಲ್ಲ ಈ ಪ್ರಶ್ನೆಗಾಗಿಯೇ.

ಆಯ್ಕೆ ಶುರುವಾಗುವುದು ಪುಟದ ಲೆಕ್ಕದಿಂದ. ಇಪ್ಪತ್ತು ಮೂವತ್ತು ಪುಟದ ಕತೆಗೆ ಒಂದು ವಾರ, 150–200 ಪುಟದ ಕಾದಂಬರಿಗೆ ಮೂರು ವಾರ, 500 ದಾಟಿದರೆ ಎಂಟು ವಾರ. ಹೊಸದಾಗಿ ಶುರು ಮಾಡುವವರಿಗೆ ಕತೆಯಿಂದಲೇ ಆರಂಭಿಸಿ ಎನ್ನುತ್ತೇನೆ. ಕಾದಂಬರಿಯನ್ನು ಚಿತ್ರ ಮಾಡುವವರು ಕತ್ತರಿಸಬೇಕು, ಕತೆಯನ್ನು ಮಾಡುವವರು ಬೆಳೆಸಬೇಕು. ಏನನ್ನು ಸೇರಿಸಿದ್ದಾರೆ ಎಂದು ಹುಡುಕುವುದು ಏನನ್ನು ತೆಗೆದಿದ್ದಾರೆ ಎಂದು ಹುಡುಕುವುದಕ್ಕಿಂತ ಸುಲಭ, ಕಲಿಯುವುದೂ ಹೆಚ್ಚು.

ಈ ಕೆಲಸಕ್ಕೆ ಪೂರ್ಣಚಂದ್ರ ತೇಜಸ್ವಿಯವರ 'ಅಬಚೂರಿನ ಪೋಸ್ಟಾಫೀಸು' ಸಂಕಲನಕ್ಕಿಂತ ಒಳ್ಳೆಯ ಪುಸ್ತಕ ನನಗೆ ಗೊತ್ತಿಲ್ಲ. ಒಂದೇ ತೆಳ್ಳನೆಯ ಪುಸ್ತಕ, ಅದರಿಂದ ನಾಲ್ಕು ಚಿತ್ರ. ಎನ್. ಲಕ್ಷ್ಮೀನಾರಾಯಣ ಅವರ 'ಅಬಚೂರಿನ ಪೋಸ್ಟಾಫೀಸು' 1973ರದು. ಆಮೇಲೆ ಗಿರೀಶ ಕಾಸರವಳ್ಳಿಯವರ 'ತಬರನ ಕಥೆ', ಸದಾನಂದ ಸುವರ್ಣರ 'ಕುಬಿ ಮತ್ತು ಇಯಾಲ', ಕೊನೆಗೆ 2023ರಲ್ಲಿ 'ಡೇರ್‌ಡೆವಿಲ್ ಮುಸ್ತಾಫಾ'. ಐವತ್ತು ವರ್ಷದ ಅಂತರದಲ್ಲಿ ಬೇರೆ ಬೇರೆ ಕೈಗಳು ಒಬ್ಬನೇ ಲೇಖಕನನ್ನು ಹೇಗೆ ಓದಿದವು ಎನ್ನುವುದು ನಾಲ್ಕು ವಾರದಲ್ಲಿ ಕಣ್ಣಿಗೆ ಕಟ್ಟುತ್ತದೆ. ಪಿಂಚಣಿಗಾಗಿ ಅಲೆಯುವ ತಬರನ ಕತೆಯಲ್ಲಿ ಕಚೇರಿಯ ಕಾಗದ, ಮೇಜು, ಕಾಯುವಿಕೆ ಇವೇ ಚಿತ್ರದ ಹೊತ್ತನ್ನು ತುಂಬುತ್ತವೆ. ಮುಸ್ತಾಫಾನಲ್ಲಿ ಕಾಲೇಜು ಹುಡುಗರ ಗುಂಪೇ ಬೆಳೆದು ಊರಾಗುತ್ತದೆ.

ಎರಡನೆಯ ಆಯ್ಕೆ ಬಾನು ಮುಷ್ತಾಕ್ ಅವರ 'ಕರಿ ನಾಗರಗಳು', ಅದರ ಜೊತೆಗೆ ಕಾಸರವಳ್ಳಿಯವರ 'ಹಸೀನಾ'. 2025ರಲ್ಲಿ ಬಾನು ಅವರಿಗೆ ಅಂತರರಾಷ್ಟ್ರೀಯ ಬೂಕರ್ ಬಂತು, ಅದೇ ವರ್ಷ ನಮ್ಮ ದಸರಾ ಉದ್ಘಾಟನೆಯನ್ನೂ ಅವರೇ ಮಾಡಿದರು. ಆ ಹೊತ್ತಿನಲ್ಲಿ ಹೆಸರು ಕೇಳಿ ಪುಸ್ತಕ ಕೊಂಡು ಎರಡು ಕತೆ ಓದಿ ಕಪಾಟಿಗೆ ಸೇರಿಸಿದವರಿಗೆ, ಮತ್ತೆ ಕೈಗೆತ್ತಿಕೊಳ್ಳಲು ಇದು ಒಳ್ಳೆಯ ದಾರಿ. ವೈದೇಹಿಯವರ 'ಗುಲಾಬಿ ಟಾಕೀಸು' ಇನ್ನೂ ಸ್ಪಷ್ಟ ಪಾಠ. ಕತೆಯಲ್ಲಿ ಊರಿಗೆ ಟಾಕೀಸು ಬರುತ್ತದೆ, ಚಿತ್ರದಲ್ಲಿ ಮನೆಗೆ ಟಿವಿ ಬರುತ್ತದೆ. ಈ ಒಂದು ಬದಲಾವಣೆಯಿಂದ ಏನೇನು ಅಲುಗಾಡಿತು ಎಂದು ಬರೆಯಲು ಕೂತರೆ ಎರಡು ಪುಟ ಸಾಲದು.

ಪುಸ್ತಕ ಹೊಂದಿಸುವಾಗ ಆಗುವ ತಪ್ಪುಗಳು ಬಹಳ ಸಣ್ಣವು, ಆದರೆ ಇಡೀ ತಿಂಗಳನ್ನು ಹಾಳು ಮಾಡುತ್ತವೆ. ಎಂಟು ಜನರ ಕೈಯಲ್ಲಿ ಮೂರು ಮುದ್ರಣಗಳಿದ್ದರೆ ಪುಟಸಂಖ್ಯೆ ಹೇಳಿ ಪ್ರಯೋಜನವಿಲ್ಲ. ಹಳೆಯ ಮೊಳೆ ಜೋಡಣೆಯ ಪ್ರತಿಯಲ್ಲಿ 180 ಪುಟವಿದ್ದದ್ದು ಹೊಸ ಅಕ್ಷರ ಜೋಡಣೆಯಲ್ಲಿ 220 ಆಗಿರಬಹುದು. ಅಧ್ಯಾಯ ಮತ್ತು ಪ್ಯಾರಾ ಸಂಖ್ಯೆ ಹೇಳುವುದನ್ನು ಮೊದಲ ದಿನವೇ ರೂಢಿ ಮಾಡಿ. ನಗರ ಕೇಂದ್ರ ಗ್ರಂಥಾಲಯದಿಂದಲೋ ಹಳೆ ಪುಸ್ತಕದ ಅಂಗಡಿಯಿಂದಲೋ ತಂದ ಪ್ರತಿಯಾದರೆ ಓದುವ ಮುಂಚೆ ಫಾರಂ ಎಣಿಸಿ. ಪುಸ್ತಕ ಹೊಲಿಯುವುದು ಸಾಮಾನ್ಯವಾಗಿ 16 ಪುಟದ ಫಾರಂಗಳಾಗಿ. ದಾರ ಸಡಿಲವಾದರೆ ಬಿದ್ದುಹೋಗುವುದು ಒಂದೊಂದು ಪುಟವಲ್ಲ, ಒಂದು ಕಂತೆ. 16ರಿಂದ 17ಕ್ಕೆ, 32ರಿಂದ 33ಕ್ಕೆ, 48ರಿಂದ 49ಕ್ಕೆ ಸಂಖ್ಯೆ ಸರಿಯಾಗಿ ಓಡುತ್ತಿದೆಯೇ ನೋಡಿದರೆ ಐದು ನಿಮಿಷದಲ್ಲಿ ಕೆಲಸ ಮುಗಿಯಿತು. ಶೀರ್ಷಿಕೆ ಪುಟದ ಹಿಂಬದಿಯಲ್ಲಿ 'ಸಂಕ್ಷಿಪ್ತ' ಎಂಬ ಮಾತು ಇದೆಯೇ ಎಂದೂ ನೋಡಿ. ತರಗತಿಗೆಂದು ಇಳಿಸಿದ ಪಠ್ಯವನ್ನು ಮೂಲವೆಂದು ಓದಿ, ನಿರ್ದೇಶಕರು ದೃಶ್ಯ ಸೇರಿಸಿದ್ದಾರೆ ಎಂದು ವಾದಕ್ಕಿಳಿಯುವುದು ಇಲ್ಲಿಂದಲೇ ಶುರು.

ತ್ರಿವೇಣಿಯವರ ವಿಷಯದಲ್ಲಿ ಒಂದು ಅನುಕೂಲ ಒದಗಿದೆ. ಮಂಡ್ಯದಲ್ಲಿ ಹುಟ್ಟಿ ಮೈಸೂರಿನಲ್ಲಿ ಬಾಳಿದ ಅವರು ತೀರಿಕೊಂಡದ್ದು 1963ರಲ್ಲಿ. ನಮ್ಮ ಕಾನೂನಿನಲ್ಲಿ ಸಾಹಿತ್ಯ ಕೃತಿಯ ಹಕ್ಕು ಲೇಖಕರು ತೀರಿಕೊಂಡ ಮರುವರ್ಷದ ಮೊದಲ ದಿನದಿಂದ ಎಣಿಸಿ 60 ವರ್ಷ. ಅಂದರೆ ಅವರು ಬದುಕಿದ್ದಾಗ ಅಚ್ಚಾದ ಕಾದಂಬರಿಗಳು 2024ರ ಜನವರಿ 1ರಿಂದ ಎಲ್ಲರವು. 'ಶರಪಂಜರ', 'ಬೆಳ್ಳಿಮೋಡ' ಎರಡರಿಂದಲೂ ಪುಟ್ಟಣ್ಣ ಕಣಗಾಲರು, 'ಹಣ್ಣೆಲೆ ಚಿಗುರಿದಾಗ'ದಿಂದ ಎಂ.ಆರ್. ವಿಠಲ್ ಅವರು ಚಿತ್ರ ಮಾಡಿದ್ದಾರೆ. ಕಾದಂಬರಿಯ ಭಾಗವನ್ನು ನಾವೇ ಅಕ್ಷರ ಜೋಡಿಸಿ ಹಂಚಿಕೊಳ್ಳಬಹುದು. ಆದರೆ ಚಿತ್ರದ ಲೆಕ್ಕ ಬೇರೆ, ಅದು ಬಿಡುಗಡೆಯಾದ ಮರುವರ್ಷದಿಂದ 60 ವರ್ಷ. 1967ರ 'ಬೆಳ್ಳಿಮೋಡ' 2027ರ ಕೊನೆಯವರೆಗೂ ಹಕ್ಕಿನಲ್ಲಿದೆ. ತರಾಸು ಅವರ ಕಾದಂಬರಿಯಿಂದ ಬಂದ 1964ರ 'ಚಂದವಳ್ಳಿಯ ತೋಟ' ಚಿತ್ರದ ಅವಧಿ 2024ಕ್ಕೆ ಮುಗಿದಿದೆ. ಮನೆಯಲ್ಲಿ ನಾಲ್ಕಾರು ಸ್ನೇಹಿತರು ಕೂತು ನೋಡುವುದಕ್ಕೆ ತೊಡಕಿಲ್ಲ. ಸಭಾಂಗಣದಲ್ಲಿ ಬೋರ್ಡು ಹಾಕಿ ಊರವರನ್ನು ಕರೆದರೆ, ಟಿಕೆಟ್ ಇಲ್ಲದಿದ್ದರೂ ಹಕ್ಕುದಾರರ ಅನುಮತಿ ಬರಹದಲ್ಲಿ ಬೇಕು.

ಓದುವಾಗ ಮೊದಲ ಸಲ ಪೆನ್ಸಿಲ್‌ನಲ್ಲಿ ಅಂಚಿಗೆ ಚುಕ್ಕೆ ಮಾತ್ರ ಇಡುತ್ತೇವೆ, ಬರೆಯುವುದಿಲ್ಲ. ಬರೆಯಲು ನಿಂತರೆ ಓದಿನ ಓಟ ಕೆಡುತ್ತದೆ. ಮುಗಿದ ಮೇಲೆ ಚುಕ್ಕೆ ಇರುವ ಕಡೆಗೆ ಮಾತ್ರ ಹಿಂದಿರುಗಿ ನೋಟ್‌ಬುಕ್ಕಿನಲ್ಲಿ ನಾಲ್ಕು ಅಂಕಣ ಎಳೆಯುತ್ತೇವೆ. ಇದನ್ನು ಯಾರ ಕಣ್ಣಿನಿಂದ ನೋಡುತ್ತಿದ್ದೇವೆ. ಎಲ್ಲಿ ನಡೆಯುತ್ತಿದೆ. ಎಷ್ಟು ಹೊತ್ತು ಅಥವಾ ಎಷ್ಟು ವರ್ಷ ದಾಟಿತು. ಯಾರೂ ಬಾಯಿಬಿಟ್ಟು ಹೇಳದೆ ಮನಸ್ಸಿನಲ್ಲೇ ಉಳಿದದ್ದು ಏನು. ನಾಲ್ಕನೆಯ ಅಂಕಣವೇ ಮುಖ್ಯ, ಏಕೆಂದರೆ ಕ್ಯಾಮೆರಾಕ್ಕೆ ಕಾಣದ್ದು ಅದೇ. 'ಸಂಸ್ಕಾರ'ದ ಕೊನೆಯ ಭಾಗದಲ್ಲಿ ಈ ಅಂಕಣ ಮಾತ್ರ ತುಂಬಿ ಉಳಿದ ಮೂರೂ ಹೆಚ್ಚುಕಡಿಮೆ ಖಾಲಿ ಬೀಳುತ್ತವೆ. ಪ್ರಾಣೇಶಾಚಾರ್ಯರು ನಡೆಯುತ್ತಾರೆ, ಪುಟ್ಟ ಜೊತೆಗೆ ಅಂಟಿಕೊಳ್ಳುತ್ತಾನೆ, ಜಾತ್ರೆ ಬರುತ್ತದೆ. ಹೊರಗೆ ನಡೆಯುವುದು ಇಷ್ಟೇ, ಒಳಗೆ ಒಂದು ಲೋಕವೇ ಕುಸಿಯುತ್ತಿರುತ್ತದೆ. ಈ ಪಟ್ಟಿ ಕೈಯಲ್ಲಿದ್ದರೆ 1970ರ ಚಿತ್ರದಲ್ಲಿ ಗಿರೀಶ ಕಾರ್ನಾಡರ ಮುಖದ ಮೇಲೆ ಎಷ್ಟು ಭಾರ ಹಾಕಿದ್ದಾರೆ ಎಂದು ತಕ್ಷಣ ಗೊತ್ತಾಗುತ್ತದೆ.

ಇದಕ್ಕೆ ಎದುರು ಉದಾಹರಣೆ ಮಕ್ಕಳ ಕಣ್ಣಿನ ಕತೆಗಳು. ಶ್ರೀಕೃಷ್ಣ ಆಲನಹಳ್ಳಿಯವರ 'ಕಾಡು'ವಿನಲ್ಲಿ ಕಿಟ್ಟಿ, ಅನಂತಮೂರ್ತಿಯವರ 'ಘಟಶ್ರಾದ್ಧ'ದಲ್ಲಿ ವೇದಪಾಠಕ್ಕೆ ಬಂದ ಹುಡುಗ. ದೊಡ್ಡವರ ಲೋಕವನ್ನು ಮಗು ನೋಡುತ್ತದೆ, ಪೂರ್ತಿ ಅರ್ಥ ಮಾಡಿಕೊಳ್ಳುವುದಿಲ್ಲ. ಕ್ಯಾಮೆರಾದ ಸ್ಥಿತಿಯೂ ಅದೇ. ಇಂಥ ಕೃತಿಗಳಲ್ಲಿ ಹೇಳುವ ದನಿ ಹೆಚ್ಚು ನಷ್ಟವಿಲ್ಲದೆ ಚಿತ್ರಕ್ಕೆ ದಾಟುತ್ತದೆ ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ. 'ಕಾಡು' ನೋಡುವಾಗ ಕ್ಯಾಮೆರಾ ಎಷ್ಟು ಎತ್ತರದಲ್ಲಿದೆ, ಕಿಟ್ಟಿ ಇಲ್ಲದ ದೃಶ್ಯಗಳು ಎಷ್ಟಿವೆ ಎಂದು ಎಣಿಸಿ.

ಆಡುಮಾತಿನ ಪುಸ್ತಕವಾದರೆ ಕಣ್ಣೋದು ಸಾಲದು. ಆಲನಹಳ್ಳಿಯವರದೇ 'ಪರಸಂಗದ ಗೆಂಡೆತಿಮ್ಮ'ನ ಸಂಭಾಷಣೆಯನ್ನು ಈ ಕಡೆಯ ಹಳ್ಳಿಯ ಮಾತು ಬಲ್ಲವರು ಜೋರಾಗಿ ಓದಬೇಕು, ಉಳಿದವರು ಪುಸ್ತಕ ಮುಚ್ಚಿ ಕೇಳಬೇಕು. ಒಂದು ಸಲಕ್ಕೆ ಹದಿನೈದು ಪುಟ, ಸುಮಾರು ನಲವತ್ತು ನಿಮಿಷ. ಅದಕ್ಕಿಂತ ಹೆಚ್ಚಾದರೆ ಓದುವವರ ಗಂಟಲೂ ಕೇಳುವವರ ಗಮನವೂ ಸೋಲುತ್ತದೆ. ಹೀಗೆ ಕೇಳಿಕೊಂಡು ಹೋದರೆ 1978ರ ಚಿತ್ರದಲ್ಲಿ ಲೋಕೇಶ್ ಅವರು ಮಾತಿನ ಎಳೆತ ಬಿಗಿತಗಳನ್ನು ಎಲ್ಲಿ ಹಿಡಿದರು ಎಂದು ಕಿವಿಯೇ ಹೇಳುತ್ತದೆ.

ಓದು ಮುಗಿದು ಹದಿನೈದು ದಿನ ಬಿಟ್ಟು ಚಿತ್ರ ನೋಡುತ್ತೇವೆ. ಮರುದಿನವೇ ನೋಡಿದಾಗ ಎಲ್ಲರೂ ಹಾಜರಿ ಕರೆಯುವ ಮೇಷ್ಟರಾಗುತ್ತಾರೆ: ಆ ದೃಶ್ಯ ಬಂತು, ಈ ದೃಶ್ಯ ಬರಲಿಲ್ಲ. ಎರಡು ತಿಂಗಳು ಬಿಟ್ಟರೆ ಪುಸ್ತಕದ ಮಾತುಗಳೇ ಮಸುಕಾಗಿರುತ್ತವೆ. ಹದಿನೈದು ದಿನದಲ್ಲಿ ಘಟನೆಗಳು ಹಿಂದೆ ಸರಿದು ದನಿ ಉಳಿದಿರುತ್ತದೆ. ಚಿತ್ರವನ್ನು ಮೊದಲೇ ನೋಡಿದವರು ಗುಂಪಿನಲ್ಲಿ ಇದ್ದೇ ಇರುತ್ತಾರೆ. 'ಶರಪಂಜರ'ದ ಕಾವೇರಿಯನ್ನು ಓದುವಾಗ ಅವರ ಕಣ್ಣಮುಂದೆ ಕಲ್ಪನಾ ಬಂದು ನಿಲ್ಲುತ್ತಾರೆ, ತಡೆಯಲಾಗುವುದಿಲ್ಲ. ಅಂಥವರಿಗೆ ಸಣ್ಣ ಪಾತ್ರಗಳನ್ನು ಹಿಂಬಾಲಿಸುವ ಕೆಲಸ ಕೊಡಿ: ಅಕ್ಕಪಕ್ಕದವರು, ಕೆಲಸದವರು. ಆ ಮುಖಗಳು ಯಾರ ನೆನಪಿನಲ್ಲೂ ಗಟ್ಟಿಯಾಗಿ ಕೂತಿರುವುದಿಲ್ಲ.

ಯಾವ ಪ್ರತಿ ನೋಡುತ್ತಿದ್ದೇವೆ ಎನ್ನುವುದು ಮುಂದಿನ ತೊಡಕು. ಅಂತರ್ಜಾಲದಲ್ಲಿ ಸಿಗುವ ಹಳೆಯ ಚಿತ್ರಗಳಲ್ಲಿ ಹಾಡೋ ರೀಲೋ ಹಾರಿಹೋಗಿರುವುದು ಉಂಟು. ಶುರುವಿನಲ್ಲಿ ತೋರಿಸುವ ಸೆನ್ಸಾರ್ ಪತ್ರದ ಮೇಲೆ ನಿಲ್ಲಿಸಿ ಉದ್ದವನ್ನು ಬರೆದುಕೊಳ್ಳಿ, ಅದು ಮೀಟರ್‌ನಲ್ಲಿರುತ್ತದೆ. 35 ಮಿ.ಮೀ. ಫಿಲ್ಮು ನಿಮಿಷಕ್ಕೆ 27.4 ಮೀಟರ್ ಓಡುತ್ತದೆ. 3000 ಮೀಟರ್ ಎಂದಿದ್ದರೆ ಸುಮಾರು 109 ನಿಮಿಷ. ನಿಮ್ಮ ಪ್ರತಿ 105 ನಿಮಿಷವಿದ್ದರೆ ಗಾಬರಿ ಬೇಡ. ಟಿವಿಗೆಂದು ಇಳಿಸುವಾಗ ಸೆಕೆಂಡಿಗೆ 24 ಚೌಕಟ್ಟಿನ ಬದಲು 25 ಓಡಿಸಿದರೆ ನೂರಕ್ಕೆ ನಾಲ್ಕರಷ್ಟು ಅವಧಿ ತಗ್ಗುತ್ತದೆ, ಏನೂ ಕತ್ತರಿಸಿರುವುದಿಲ್ಲ. 95 ನಿಮಿಷವಿದ್ದರೆ ಮಾತ್ರ ಬೇರೆ ಪ್ರತಿ ಹುಡುಕಿ. ಚಿತ್ರದ ಅಗಲವನ್ನೂ ಗಮನಿಸಿ. 'ಸಂಸ್ಕಾರ', 'ವಂಶವೃಕ್ಷ'ದ ಕಾಲದ ಕಪ್ಪುಬಿಳುಪು ಚೌಕಟ್ಟು ಹೆಚ್ಚುಕಡಿಮೆ ಹಳೆಯ ಟಿವಿಯ ಆಕಾರದ್ದು. ಈಗಿನ ಅಗಲದ ಟಿವಿ ಅದನ್ನು ಹಿಗ್ಗಿಸಿದರೆ ಮುಖ ದಪ್ಪವಾಗುತ್ತದೆ, ತುಂಬಿಸಿದರೆ ತಲೆ ಕತ್ತರಿಸಿಹೋಗುತ್ತದೆ. ಸೆಟ್ಟಿಂಗ್‌ನಲ್ಲಿ 4:3 ಇಟ್ಟು ಎರಡೂ ಬದಿ ಕಪ್ಪಾಗಿರಲು ಬಿಡಿ. ಚಲನೆಯನ್ನು ನಯ ಮಾಡುವ ಸೌಲಭ್ಯವನ್ನೂ ಆಫ್ ಮಾಡಿ, ಅದಿದ್ದರೆ ಎಲ್ಲ ಚಿತ್ರವೂ ಧಾರಾವಾಹಿಯಂತೆ ಕಾಣುತ್ತದೆ.

ಮೊದಲ ನೋಟದಲ್ಲಿ ನಿಲ್ಲಿಸುವಂತಿಲ್ಲ, ಮಾತಾಡುವಂತಿಲ್ಲ. ಟೀ ಬಂದರೂ ಅಷ್ಟೇ. ಮುಗಿದ ಮೇಲೆ ಪ್ರತಿಯೊಬ್ಬರೂ ನಾಲ್ಕನೆಯ ಅಂಕಣದಿಂದ ಒಂದೊಂದು ಸಾಲು ಆರಿಸುತ್ತಾರೆ. ಅದರಲ್ಲಿ ಮೂರು ದೃಶ್ಯಗಳನ್ನು ಮಾತ್ರ ಮತ್ತೆ ಹಾಕಿ, ಒಂದು ಸಲ ದನಿಯಿಟ್ಟು, ಒಂದು ಸಲ ದನಿ ತೆಗೆದು ನೋಡುತ್ತೇವೆ. ದನಿ ತೆಗೆದಾಗಲೂ ಮನಸ್ಸಿನ ಮಾತು ತಿಳಿದರೆ ಅದು ಕ್ಯಾಮೆರಾ, ನಟನೆಯಿಂದ ಬಂದದ್ದು. ತಿಳಿಯದಿದ್ದರೆ ಸಂಗೀತವೋ ಸಂಭಾಷಣೆಯೋ ಅದನ್ನು ಹೊತ್ತಿದೆ. ಪುಟ್ಟಣ್ಣನವರ ಚಿತ್ರಗಳಲ್ಲಿ ಹಾಡನ್ನು ಬಿಟ್ಟು ಓಡಿಸಬೇಡಿ, ಕಾದಂಬರಿಯ ಹತ್ತು ಪುಟದ ಒಳಮಾತು ಹಲವು ಸಲ ಹಾಡಿನಲ್ಲೇ ಇರುತ್ತದೆ.

ಹಲವು ಪುಸ್ತಕಗಳು ಸೇರಿ ಒಂದು ಚಿತ್ರವಾದಾಗ ಈ ಕ್ರಮ ಸ್ವಲ್ಪ ಬದಲಾಗುತ್ತದೆ. 'ನಾಗರಹಾವು' ಚಿತ್ರದ ಹಿಂದೆ ತರಾಸು ಅವರ ಮೂರು ಕಾದಂಬರಿಗಳಿವೆ: 'ನಾಗರಹಾವು', 'ಒಂದು ಗಂಡು ಎರಡು ಹೆಣ್ಣು', 'ಸರ್ಪಮತ್ಸರ'. ಮೂರನ್ನೂ ಓದದೆ ಹೋಲಿಸಿದರೆ ತೀರ್ಪು ತಪ್ಪುತ್ತದೆ. ಮೂರು ಜನ ಒಂದೊಂದನ್ನು ಹಂಚಿಕೊಂಡು ಓದುವುದು ಇಲ್ಲಿ ನಡೆಯುವುದಿಲ್ಲ, ಪ್ರತಿಯೊಬ್ಬರೂ ಮೂರನ್ನೂ ಓದಬೇಕು.

ಈಗ ನಮ್ಮ ಮೇಜಿನ ಮೇಲಿರುವುದು 'ವಂಶವೃಕ್ಷ'. ಭೈರಪ್ಪನವರು 2025ರ ಸೆಪ್ಟೆಂಬರಿನಲ್ಲಿ ತೀರಿಕೊಂಡ ಮೇಲೆ ಊರಿನಲ್ಲಿ ಅವರ ಪುಸ್ತಕಗಳನ್ನು ಮತ್ತೆ ತೆಗೆದವರು ಬಹಳ ಮಂದಿ. ಎಂಟು ವಾರದ ಓದು ಇದು. ಎರಡು ಎಳೆಗಳಿರುವುದರಿಂದ ನೋಟ್‌ಬುಕ್ಕಿನ ಎಡಪುಟ ಶ್ರೋತ್ರಿಯರ ಮನೆಗೆ, ಬಲಪುಟ ಸದಾಶಿವರಾಯರ ಮನೆಗೆ. ಬಿ.ವಿ. ಕಾರಂತರೂ ಕಾರ್ನಾಡರೂ ಜೊತೆಯಾಗಿ ಮಾಡಿದ ಚಿತ್ರವನ್ನು ನೋಡುವಾಗ ಒಬ್ಬರು ಗಡಿಯಾರ ಹಿಡಿದು ಯಾವ ಮನೆಗೆ ಎಷ್ಟು ನಿಮಿಷ ಸಿಕ್ಕಿತು ಎಂದು ಬರೆಯಬೇಕು. ಓದಿಗೂ ಚಿತ್ರಕ್ಕೂ ನಡುವಿನ ಹದಿನೈದು ದಿನದಲ್ಲಿ ಒಂದು ಬೆಳಿಗ್ಗೆ ಚಾಮರಾಜಪುರಂ ನಿಲ್ದಾಣದಲ್ಲಿ ರೈಲು ಹತ್ತಿ ನಂಜನಗೂಡಿಗೆ ಹೋಗುತ್ತೇವೆ. ಶ್ರೋತ್ರಿಯರ ಸೊಸೆ ಕಾತ್ಯಾಯನಿ ಕಾಲೇಜಿಗೆಂದು ಓಡಾಡಿದ ದಾರಿ ಅದು, ಇಪ್ಪತ್ತೈದು ಕಿಲೋಮೀಟರ್‌ಗೂ ಒಳಗೆ. ಹೋಗುವಾಗ ಅವಳ ಮೊದಲ ರೈಲು ಪ್ರಯಾಣದ ಪುಟಗಳನ್ನು ಓದುವುದು, ಇಳಿದ ಮೇಲೆ ಕಪಿಲೆಯ ದಡದಲ್ಲಿ ಕೂತು ನಾಲ್ಕನೆಯ ಅಂಕಣ ತುಂಬುವುದು. ಮಳೆಗಾಲದಲ್ಲಿ ಹೋದರೆ ಹೊಳೆ ತುಂಬಿರುತ್ತದೆ, ಮೆಟ್ಟಿಲ ಹತ್ತಿರ ಇಳಿಯಬೇಡಿ.