ಎರಿ ಮಣ್ಣಿನ ಅಂಚಿನಲ್ಲಿ ಟೈರ್ ಪಂಚರ್ ಆದರೆ: ಪಾನಾ ಹಿಡಿಯುವ ಮುಂಚಿನ ಕೆಲಸ, ಆಮೇಲಿನ ಕೆಲಸ

ನಡುದಾರಿಯಲ್ಲಿ ಕಾರಿನ ಟೈರು ಕೂತಾಗ ಬಹಳ ಜನ ಮಾಡುವ ಮೊದಲ ತಪ್ಪು, ಇದ್ದಲ್ಲೇ ಗಾಡಿ ನಿಲ್ಲಿಸುವುದು. ಇನ್ನೊಂದಿಷ್ಟು ಓಡಿಸಿದರೆ ಟೈರು ಕೆಡುತ್ತದೆಂಬ ಅಂಜಿಕೆ. ಅಂಜಿಕೆ ಸುಳ್ಳಲ್ಲ. ಹವಾ ಪೂರ್ತಿ ಹೋದ ಟೈರಿನ ಮೇಲೆ ಅರ್ಧ ಕಿಲೋಮೀಟರ್ ಹೋದರೂ ಅದರ ಪಕ್ಕದ ಗೋಡೆ ಒಳಗಿಂದೊಳಗೇ ಅರೆದುಹೋಗಬಹುದು. ಆದರೂ ಸಣ್ಣ ಕಾರಿನ ಟೈರೆಂದರೆ ಕೆಲವು ಸಾವಿರ ರೂಪಾಯಿ ಅಷ್ಟೆ. ಕಬ್ಬಿನ ಹಂಗಾಮಿನಲ್ಲಿ, ಮುಧೋಳ–ಜಮಖಂಡಿ ಕಡೆಯ ರಸ್ತೆಯಲ್ಲಿ, ಹಿಂದೆ ಒಂದೂ ದೀಪವಿಲ್ಲದ ಜೋಡಿ ಟ್ರೇಲರ್ ಎಳೆದುಕೊಂಡು ಹೋಗುವ ಟ್ರ್ಯಾಕ್ಟರನ್ನು ಕೊನೇ ಗಳಿಗೆಯಲ್ಲಿ ಕಂಡ ಲಾರಿಯವ ಅಂಚಿಗೆ ಎಳೆದನೆಂದುಕೊಳ್ಳಿ. ಆ ಅಂಚಿನಲ್ಲಿ ಕುಕ್ಕರಗಾಲಿನಲ್ಲಿ ಕೂತು ನಟ್ ಬಿಚ್ಚುವವರಿಗೆ ಏಳುವಷ್ಟೂ ಹೊತ್ತು ಸಿಗುವುದಿಲ್ಲ. ಟೈರಿನ ಆಸೆ ಬಿಟ್ಟು ಜಾಗ ಹುಡುಕಿ.

ಮುಂದಿನ ಟೈರು ಹೋದರೆ ಸ್ಟೇರಿಂಗ್ ಒಂದು ಕಡೆಗೆ ಎಳೆಯುತ್ತದೆ. ಹಿಂದಿನದು ಹೋದರೆ ಸ್ಟೇರಿಂಗಿನಲ್ಲಿ ಅಷ್ಟಾಗಿ ಗೊತ್ತಾಗದು, ಗಾಡಿಯ ಹಿಂಭಾಗ ತೇಲಾಡಿದಂತೆ ಆಗುತ್ತದೆ. ಎರಡರಲ್ಲೂ ಬ್ರೇಕ್ ಜೋರಾಗಿ ಒತ್ತಬಾರದು. ಎಕ್ಸಲರೇಟರಿನಿಂದ ಕಾಲು ತೆಗೆದು, ಸ್ಟೇರಿಂಗನ್ನು ಎರಡೂ ಕೈಯಿಂದ ನೆಟ್ಟಗೆ ಹಿಡಿದು, ವೇಗ ತಾನಾಗಿ ಇಳಿಯಲು ಬಿಡಿ. ನಾಲ್ಕೂ ಇಂಡಿಕೇಟರ್ ಹಾಕಿ, ಗಂಟೆಗೆ ಹತ್ತು–ಹದಿನೈದು ಕಿಲೋಮೀಟರ್ ವೇಗದಲ್ಲಿ ಎಡಕ್ಕೆ ಸರಿಯುತ್ತ ಹೋಗಿ. ಪೆಟ್ರೋಲ್ ಪಂಪ್, ಧಾಬಾದ ಅಂಗಳ, ಸರ್ವಿಸ್ ರಸ್ತೆ, ಊರ ಕ್ರಾಸಿನ ಬಸ್ ನಿಲ್ದಾಣ, ಯಾವುದಾದರೂ ಆದೀತು. ಕೊರ್ತಿ–ಕೊಲ್ಹಾರ ಸೇತುವೆಯಂಥ ಉದ್ದನೆಯ ಸೇತುವೆಯ ಮೇಲೆ ನಿಲ್ಲಲೇಬೇಡಿ. ರಿಮ್ ಸವೆದರೂ ಸರಿ, ದಾಟಿ ನಿಲ್ಲಿಸಿ. ಬೆಳಗಾವಿಯಾಚೆಯ ವಂಟಮುರಿ ಘಾಟಿನಲ್ಲಿ ತಿರುವು ಮುಗಿದು, ಇಳಿಜಾರು ತೀರಿ, ಹಿಂದಿನವರಿಗೆ ನೂರು ಮೀಟರಿನಿಂದಲೇ ನಿಮ್ಮ ಗಾಡಿ ಕಾಣುವಂಥ ಜಾಗ ಬರುವವರೆಗೆ ಕುಂಟುತ್ತಲೇ ಸಾಗಿ.

ರಸ್ತೆ ಬಿಟ್ಟು ಸರಿಯಲು ಜಾಗವೇ ಇಲ್ಲ, ಹೋಗಿದ್ದು ಬಲಗಡೆಯ ಟೈರು, ಅಂದರೆ ವಾಹನಗಳು ಹಾಯುವ ಬದಿಯದು. ಆಗ ಟೈರು ಬದಲಿಸುವ ಕೆಲಸಕ್ಕೇ ಕೈ ಹಾಕಬೇಡಿ. ಎಲ್ಲರೂ ಎಡಬಾಗಿಲಿನಿಂದ ಇಳಿದು ರಸ್ತೆಯಿಂದ ದೂರ ಸರಿದು, ರಾಷ್ಟ್ರೀಯ ಹೆದ್ದಾರಿಯಾದರೆ 1033ಕ್ಕೆ, ಬೇರೆ ಕಡೆಯಾದರೆ 112ಕ್ಕೆ ಫೋನ್ ಮಾಡಿ.

ಜಾಕಿನ ಪಾದದ ಕೆಳಗೆ

ವಿಜಯಪುರ, ಬಾಗಲಕೋಟೆ ಜಿಲ್ಲೆಗಳಲ್ಲಿ ಈ ಕೆಲಸ ಕೆಡುವುದು ಹೆಚ್ಚಾಗಿ ನೆಲದಿಂದಲೇ. ಡಾಂಬರು ಮುಗಿದು ಒಂದಡಿ ಆಚೆ ಎರಿ ಮಣ್ಣು, ಅಂದರೆ ಕಪ್ಪು ಜಿಗುಟು ಮಣ್ಣು. ಮಳೆ ನಿಂತು ಎರಡು ದಿನವಾದರೆ ಮೇಲೆ ಹೆಪ್ಪು ಕಟ್ಟಿ ಗಟ್ಟಿಯಾಗಿ ಕಾಣುತ್ತದೆ; ಅದರ ಕೆಳಗೆ ಒದ್ದೆ ಹಾಗೇ ಇರುತ್ತದೆ. ಬೇಸಿಗೆಯಲ್ಲಿ ಇದೇ ಮಣ್ಣು ಕೈ ಇಳಿಯುವಷ್ಟು ಬಿರುಕು ಬಿಟ್ಟಿರುತ್ತದೆ, ಭಾರ ಬಿದ್ದರೆ ಬಿರುಕಿನ ಅಂಚು ಕುಸಿಯುತ್ತದೆ.

ಲೆಕ್ಕ ಹಾಕಿ ನೋಡಿ. ಒಂದು ಟನ್ ತೂಕದ ಕಾರಿನ ಮುಂದಿನ ಒಂದು ಮೂಲೆ ಎತ್ತಿದರೆ ಸುಮಾರು 300 ಕೆಜಿ ಜಾಕಿನ ಮೇಲೆ ಬೀಳುತ್ತದೆ. ಕಾರಿನ ಜೊತೆ ಬರುವ ಕತ್ತರಿ ಜಾಕಿನ ಪಾದ ಅಂಗೈಯಷ್ಟು, ಹೆಚ್ಚೆಂದರೆ 100 ಚದರ ಸೆಂಟಿಮೀಟರ್. ಅಂದರೆ ಪ್ರತಿ ಚದರ ಸೆಂಟಿಮೀಟರಿಗೆ ಮೂರು ಕೆಜಿ ಒತ್ತಡ. ಹಸಿ ಎರಿ ಮಣ್ಣು ಇದನ್ನು ತಾಳುವುದಿಲ್ಲ. ಪಾದದ ಒಂದು ಅಂಚು ಮೊದಲು ಇಳಿಯುತ್ತದೆ, ಜಾಕ್ ವಾಲುತ್ತದೆ, ವಾಲಿದ ಜಾಕ್ ಜಾರುತ್ತದೆ. ಒಂದಡಿ ಚೌಕದ, 18 ಮಿಲಿಮೀಟರ್ ದಪ್ಪದ ಪ್ಲೈವುಡ್ ತುಂಡನ್ನು ಪಾದದ ಕೆಳಗೆ ಹಾಕಿದರೆ ಅದೇ ಭಾರ 900 ಚದರ ಸೆಂಟಿಮೀಟರಿಗೆ ಹಂಚಿಹೋಗುತ್ತದೆ. ಒತ್ತಡ ಒಂಬತ್ತನೇ ಒಂದು ಪಾಲಿಗೆ ಇಳಿಯುತ್ತದೆ. ಬಡಗಿ ಅಂಗಡಿಯಲ್ಲಿ ಉಳಿಕೆ ತುಂಡು ಕೇಳಿದರೆ ಬಿಟ್ಟಿಯಾಗಿಯೂ ಕೊಡುತ್ತಾರೆ. ಡಿಕ್ಕಿಯಲ್ಲಿ ಸ್ಟೆಪ್ನಿಯ ಮೇಲೆ ಸದಾ ಒಂದು ಬಿದ್ದಿರಲಿ.

ಕೈಗೆ ಸಿಕ್ಕಿತೆಂದು ಇಟ್ಟಂಗಿ ಇಡಬೇಡಿ, ಪುಡಿಯಾಗುತ್ತದೆ. ನಮ್ಮ ಕಡೆ ದಾರಿಬದಿಗೆ ಧಾರಾಳವಾಗಿ ಸಿಗುವ ಫರಸಿ ಕಲ್ಲೂ ಬೇಡ. ಗಟ್ಟಿಯಾಗಿ ಕಂಡರೂ ಅಡಿಯ ನೆಲ ಸಮ ಇರದಿದ್ದರೆ ನಡುವೆ ಸೀಳಿ ಎರಡು ಹೋಳಾಗುತ್ತದೆ. ಗರಸು ಹಾಕಿ ತುಳಿದು ಗಟ್ಟಿಯಾದ ಜಾಗ ಒಳ್ಳೆಯದು, ಮೇಲಿನ ಉದುರು ಕಲ್ಲುಗಳನ್ನು ಕಾಲಿನಿಂದ ಸರಿಸಿದ ಮೇಲೆ. ಏಪ್ರಿಲ್–ಮೇ ತಿಂಗಳ ಮಧ್ಯಾಹ್ನ, ಬಿಸಿಲು 40 ಡಿಗ್ರಿ ದಾಟಿದಾಗ, ಡಾಂಬರೂ ಮೆತ್ತಗಾಗಿರುತ್ತದೆ. ಆಗ ಡಾಂಬರಿನ ಮೇಲೆ ನಿಂತಿದ್ದರೂ ಹಲಗೆ ಬೇಕು.

ಗಾಡಿ ಕದಲದಂತೆ, ಹಿಂದಿನವರಿಗೆ ಕಾಣುವಂತೆ

ಎಂಜಿನ್ ಆಫ್ ಮಾಡಿ, ಹ್ಯಾಂಡ್‌ಬ್ರೇಕ್ ಪೂರ್ತಿ ಎಳೆದು, ಮೊದಲನೇ ಗೇರಿಗೆ ಹಾಕಿ. ಆಟೊಮ್ಯಾಟಿಕ್ ಆದರೆ ‘ಪಿ’ಗೆ. ಹೆಚ್ಚಿನ ಕಾರುಗಳಲ್ಲಿ ಹ್ಯಾಂಡ್‌ಬ್ರೇಕ್ ಹಿಡಿಯುವುದು ಹಿಂದಿನ ಎರಡು ಗಾಲಿಗಳನ್ನು ಮಾತ್ರ. ಹಿಂದಿನ ಒಂದು ಗಾಲಿ ಮೇಲೆದ್ದರೆ ನೆಲದ ಮೇಲೆ ಬ್ರೇಕ್ ಹಿಡಿದದ್ದು ಇನ್ನೊಂದೇ. ಅದಕ್ಕೇ ಎತ್ತುವ ಗಾಲಿಯ ಕರ್ಣದ ಎದುರಿಗಿರುವ ಗಾಲಿಗೆ (ಎಡ ಮುಂದಿನದು ಎತ್ತುವುದಾದರೆ ಬಲ ಹಿಂದಿನದಕ್ಕೆ) ಮುಂದೊಂದು, ಹಿಂದೊಂದು ಕಲ್ಲು ಒತ್ತಿ ಇಡಬೇಕು. ಉರುಟು ಕಲ್ಲು ಉರುಳುತ್ತದೆ, ಚಪ್ಪಟೆ ತಳದ್ದು ಆರಿಸಿ.

ಒಳಗಿದ್ದವರೆಲ್ಲ ಇಳಿಯಬೇಕು. ನಿದ್ದೆ ಹೋದ ಮಗುವನ್ನೂ ಎಬ್ಬಿಸಿ ಇಳಿಸಬೇಕು. ಅವರು ನಿಲ್ಲಬೇಕಾದ್ದು ರಸ್ತೆಯಿಂದ ಆಚೆ, ಹೊಲದ ಬದುವಿನ ಕಡೆ. ಗಾಡಿಯ ಹಿಂದೆ ನಿಂತು ಮೊಬೈಲ್ ಟಾರ್ಚ್ ಬೀಸುವ ಪದ್ಧತಿ ಬಹಳ ಕಡೆ ಇದೆ. ಅಪಾಯವಿರುವುದು ಸರಿಯಾಗಿ ಅದೇ ಜಾಗದಲ್ಲಿ.

ಕೆಂಪು ತ್ರಿಕೋನವನ್ನು ಸಾಮಾನ್ಯ ರಸ್ತೆಯಲ್ಲಿ 50 ಮೀಟರ್, ಚತುಷ್ಪಥದಲ್ಲಿ ಕನಿಷ್ಠ 100 ಮೀಟರ್ ಹಿಂದೆ ಇಡಿ. ಗಂಟೆಗೆ 80 ಕಿಲೋಮೀಟರ್ ವೇಗದ ಗಾಡಿ ಒಂದು ಸೆಕೆಂಡಿಗೆ 22 ಮೀಟರ್ ಹೋಗುತ್ತದೆ, ಅಂದರೆ ನೂರು ಮೀಟರ್ ದೂರವೂ ಅದಕ್ಕೆ ಐದು ಸೆಕೆಂಡಿನೊಳಗಿನ ದಾರಿ. ಹಿಂದೆ ತಿರುವಿದ್ದರೆ ತಿರುವಿಗೂ ಮುಂಚೆ ಇಡಬೇಕು. ಇಡಲು ಹೋಗುವಾಗ ಅದನ್ನು ಬಿಡಿಸಿ ಎದೆಗೆ ಹಿಡಿದು ನಡೆಯಿರಿ. ಬಸ್ಸು–ಲಾರಿಯ ಗಾಳಿಗೆ ಬೀಳದಂತೆ ಅದರ ಕಾಲ ಮೇಲೆ ಸಣ್ಣ ಕಲ್ಲು ಹೇರಿ. ತ್ರಿಕೋನವಿಲ್ಲದವರು ರಸ್ತೆಗೆ ದಪ್ಪ ಕಲ್ಲು, ಜಾಲಿ ಕಂಟಿ ಅಡ್ಡ ಇಡುತ್ತಾರೆ, ಕೆಲಸವಾದ ಮೇಲೆ ಅಲ್ಲೇ ಬಿಟ್ಟು ಹೋಗುತ್ತಾರೆ. ರಾತ್ರಿ ಬರುವ ಬೈಕಿನವನಿಗೆ ಅದು ಕಾಣುವುದಿಲ್ಲ. ದಯವಿಟ್ಟು ಬೇಡ.

ಮೊದಲು ಸ್ಟೆಪ್ನಿ, ಆಮೇಲೆ ಜಾಕ್

ಜಾಕ್ ಏರಿಸುವ ಮೊದಲು ಸ್ಟೆಪ್ನಿ ಹೊರಗೆ ಬರಲಿ. ಇನ್ನೋವಾ, ಎರ್ಟಿಗಾದಂಥ ಗಾಡಿಗಳಲ್ಲಿ ಅದು ಹಿಂಭಾಗದ ಅಡಿಯಲ್ಲಿ ನೇತಾಡುತ್ತದೆ. ಕೆಸರು, ತುಕ್ಕು ಹಿಡಿದ ಕೊಕ್ಕೆ ಅಥವಾ ಸರಪಳಿ ಬಿಡದೇ ಹೋದರೆ ಗಾಡಿ ಜಾಕಿನ ಮೇಲಿದ್ದಾಗ ಅಡಿ ನುಸುಳಿ ಗುದ್ದಾಡುವಂತಿಲ್ಲ. ಹವಾ ಮೀಟರಿನಿಂದ ನೋಡಿ. ಹೆಬ್ಬೆರಳಲ್ಲಿ ಒತ್ತಿ ‘ಗಟ್ಟಿ ಐತಿ’ ಎನ್ನುವುದು ಲೆಕ್ಕಕ್ಕಿಲ್ಲ, 15 ಪಿಎಸ್‌ಐ ಇರುವ ಟೈರೂ ಬೆರಳಿಗೆ ಗಟ್ಟಿಯೇ. ಅಂದಹಾಗೆ, ಟೈರಿನ ಹವಾ ಅಳೆದು ತಿಳಿಸುವ ವ್ಯವಸ್ಥೆ ಮತ್ತು ಪಂಚರ್ ಕಿಟ್ ಇರುವ ಟ್ಯೂಬ್‌ಲೆಸ್ ಕಾರುಗಳಿಗೆ ಸ್ಟೆಪ್ನಿ ಕಡ್ಡಾಯವಲ್ಲವೆಂದು 2020ರಲ್ಲಿ ನಿಯಮ ಬದಲಾಯಿತು. ಹೊಸ ಕಾರು ಕೊಂಡವರು ಡಿಕ್ಕಿಯ ತಳ ಎತ್ತಿ ಒಮ್ಮೆ ನೋಡಿಬಿಡಿ. ಕಿಟ್‌ನ ದ್ರವ ಮೊಳೆಯ ತೂತು ಮುಚ್ಚೀತು, ಪಕ್ಕದ ಗೋಡೆ ಹರಿದರೆ ಉಪಯೋಗವಿಲ್ಲ.

ನಟ್ ಸಡಿಲಿಸುವುದು ಗಾಲಿ ನೆಲದ ಮೇಲಿರುವಾಗಲೇ. ಎತ್ತಿದ ಮೇಲೆ ಬಲ ಹಾಕಿದರೆ ಗಾಲಿ ತಿರುಗುತ್ತದೆ, ಇಲ್ಲವೇ ಗಾಡಿಯೇ ಜಾಕಿನಿಂದ ಹಾರುತ್ತದೆ. ಪಾನಾವನ್ನು ನಟ್ಟಿನ ಪೂರ್ತಿ ಆಳಕ್ಕೆ ಕೂರಿಸಿ, ಹಿಡಿ ಎಡಗಡೆಗೆ ಅಡ್ಡಲಾಗಿ ಬರುವಂತೆ ಇಟ್ಟು ಕೆಳಕ್ಕೆ ಒತ್ತಿ. ಗಡಿಯಾರದ ಮುಳ್ಳಿಗೆ ಎದುರು ದಿಕ್ಕು. ಕೈಗೆ ಬಗ್ಗದಿದ್ದರೆ ಹಿಡಿಯ ತುದಿಗೆ ಕಾಲಿಟ್ಟು ನಿಧಾನವಾಗಿ ಭಾರ ಬಿಡಬಹುದು. ಮೇಲೆ ಹತ್ತಿ ಕುಣಿದರೆ ಪಾನಾ ಜಾರಿ ನಟ್ಟಿನ ಮೂಲೆಗಳು ಸವೆದು ದುಂಡಗಾಗುತ್ತವೆ, ಅಲ್ಲಿಗೆ ಮೆಕ್ಯಾನಿಕ್ ಬೇಕು. ಅಂಗಡಿಯಲ್ಲಿ ಗಾಳಿ ಗನ್ನಿನಿಂದ ಬಿಗಿದ ನಟ್ಟುಗಳೇ ಹೀಗೆ ಹಟ ಮಾಡುವುದು. ಎರಡಡಿ ಉದ್ದದ ಕಬ್ಬಿಣದ ಪೈಪೊಂದನ್ನು ಹಿಡಿಗೆ ತೂರಿಸಿದರೆ ಬಗ್ಗುತ್ತವೆ. ಆ ಪೈಪು ಬಿಚ್ಚಲಿಕ್ಕೆ ಮಾತ್ರ. ಎಲ್ಲ ನಟ್ಟುಗಳನ್ನೂ ಅರ್ಧ ಸುತ್ತು ಸಡಿಲಿಸಿ, ತೆಗೆಯಬೇಡಿ. ಅಲಾಯ್ ಗಾಲಿಗೆ ಕಳ್ಳರ ಭಯಕ್ಕೆ ಲಾಕ್ ನಟ್ ಹಾಕಿಸಿದ್ದರೆ ಅದರ ಕೀಲಿ ಗಾಡಿಯಲ್ಲೇ ಇರಬೇಕು, ಮನೆಯ ಕಪಾಟಿನಲ್ಲಲ್ಲ.

ಬಾಗಿಲ ಕೆಳಗಿನ ಅಂಚಿನಲ್ಲಿ, ಮುಂದಿನ ಗಾಲಿಯ ಹಿಂದೆ ಮತ್ತು ಹಿಂದಿನ ಗಾಲಿಯ ಮುಂದೆ, ಒಂದೊಂದು ಗೇಣಿನ ಆಸುಪಾಸು ಎರಡು ಸಣ್ಣ ಕಚ್ಚು ಇರುತ್ತವೆ. ಅವುಗಳ ನಡುವಿನ ಗಟ್ಟಿ ತಗಡೇ ಜಾಕಿನ ತಲೆಯ ಸೀಳಿನಲ್ಲಿ ಕೂರಬೇಕು. ಕತ್ತಲಲ್ಲಿ ಬೆರಳಾಡಿಸಿದರೂ ಸಿಗುತ್ತವೆ. ಬೇರೆಡೆ ಇಟ್ಟರೆ ತಗಡು ಒಳಕ್ಕೆ ಬಾಗುತ್ತದೆ. ನಾಲ್ಕಾರು ಸುತ್ತು ತಿರುವಿ ಭಾರ ಹತ್ತುವಾಗಲೇ ನಿಲ್ಲಿಸಿ, ಎರಡು ಹೆಜ್ಜೆ ಹಿಂದೆ ಸರಿದು ನೋಡಿ: ಜಾಕ್ ನೆಟ್ಟಗಿದೆಯೇ, ಹಲಗೆ ಒಂದು ಕಡೆ ಇಳಿದಿದೆಯೇ? ಸ್ವಲ್ಪ ವಾಲಿದ್ದರೂ ಇಳಿಸಿ ಮತ್ತೆ ಹಾಕಿ. ‘ಏರಿಸಿದರೆ ತಾನೇ ನೆಟ್ಟಗಾಗ್ತದ’ ಎನ್ನುವಂತಿಲ್ಲ, ಏರಿಸಿದಷ್ಟೂ ವಾಲುತ್ತದೆ.

ಕೂತ ಟೈರು ನೆಲ ಬಿಟ್ಟ ಮೇಲೂ ಇನ್ನು ಐದು ಸೆಂಟಿಮೀಟರ್ ಏರಿಸಿ, ಹವಾ ತುಂಬಿದ ಸ್ಟೆಪ್ನಿ ಹಿಡಿಯಲು ಅಷ್ಟು ಬೇಕು. ಈಗ ಸ್ಟೆಪ್ನಿಯನ್ನು ಜಾಕಿನ ಪಕ್ಕ ಗಾಡಿಯ ಅಡಿಗೆ ಮಲಗಿಸಿ. ಜಾಕ್ ಜಾರಿದರೂ ಗಾಡಿ ಅದರ ಮೇಲೆ ಕೂರುತ್ತದೆ, ನಿಮ್ಮ ಕೈ ಮೇಲಲ್ಲ. ಹಳೆಯ ಗಾಲಿ ಕಳಚಿದ ಮೇಲೆ ಎರಡನ್ನೂ ಅದಲುಬದಲು ಮಾಡಿ. ಜಾಕಿನ ಮೇಲಿರುವ ಗಾಡಿಯ ಅಡಿ ಕೈ, ತಲೆ ಯಾವುದೂ ಹೋಗಬಾರದು, ಉರುಳಿದ ನಟ್ ಹುಡುಕಲೂ ಕೂಡ. ನಟ್ಟುಗಳನ್ನು ಬಟ್ಟೆಯ ಮೇಲೋ ಗಾಲಿಯ ಮುಚ್ಚಳದಲ್ಲೋ (ವೀಲ್ ಕಪ್) ಇಡಿ. ಎರಿ ಮಣ್ಣು ಮರೆಗೆ (ನಟ್–ಬೋಲ್ಟಿನ ಸುರುಳಿ ಗೀರಿಗೆ) ಮೆತ್ತಿದರೆ ನಟ್ ಅರ್ಧಕ್ಕೇ ಬಿಗಿಯಾಗಿ, ಕೂತಂತೆ ಕಂಡು ಮೋಸ ಮಾಡುತ್ತದೆ.

ನಟ್ ಎಲ್ಲ ಬಂದರೂ ಗಾಲಿ ಬರುತ್ತಿಲ್ಲವೇ? ತುಕ್ಕಿನಿಂದ ಹಬ್‌ಗೆ (ಗಾಲಿ ಕೂರುವ ನಡುಭಾಗಕ್ಕೆ) ಕಚ್ಚಿದೆ. ಎಳೆದಾಡಬೇಡಿ. ಎಲ್ಲ ನಟ್ಟುಗಳನ್ನು ಮೂರ್ನಾಲ್ಕು ಸುತ್ತು ಮತ್ತೆ ಹಾಕಿ, ಗಾಡಿಯನ್ನು ನೆಲಕ್ಕೆ ಇಳಿಸಿ, ಕಲ್ಲು ತೆಗೆದು ಒಂದಡಿ ಮುಂದೆ, ಒಂದಡಿ ಹಿಂದೆ ನಿಧಾನವಾಗಿ ಚಲಿಸಿದರೆ ಗಾಡಿಯ ಭಾರಕ್ಕೇ ಬಿಡುತ್ತದೆ. ಆಮೇಲೆ ಕಲ್ಲು, ಬ್ರೇಕು, ಜಾಕು ಎಲ್ಲ ಮೊದಲಿನಿಂದ.

ಬಿಗಿಯುವುದರ ಲೆಕ್ಕ

ಸ್ಟೆಪ್ನಿಯನ್ನು ಕೈಯಲ್ಲಿ ಎತ್ತಿ ಹಿಡಿದು ಹೆಣಗುವ ಬದಲು ಬೂಟಿನ ತುದಿಯನ್ನು ಟೈರಿನ ಕೆಳಗೆ ಕೊಟ್ಟು ಮೀಟಿದರೆ ತೂತುಗಳು ಬೋಲ್ಟಿಗೆ ಸುಲಭವಾಗಿ ಕೂಡುತ್ತವೆ. ನಟ್ಟಿನ ಚೂಪು ಬದಿ ಗಾಲಿಯ ಕಡೆಗೆ. ಮೊದಲ ನಾಲ್ಕೈದು ಸುತ್ತು ಬರಿಗೈಯಿಂದಲೇ ಹೋಗಬೇಕು. ಕೈಗೆ ಬಿಗಿಯೆನಿಸಿದರೆ ಮರೆ ಅಡ್ಡ ಹತ್ತಿದೆ, ತೆಗೆದು ಮತ್ತೆ ಹಾಕಿ. ಎಣ್ಣೆ, ಗ್ರೀಸ್ ಮುಟ್ಟಿಸಬೇಡಿ. ನಾಲ್ಕು ನಟ್ಟಿದ್ದರೆ ಎದುರುಬದುರು, ಐದಿದ್ದರೆ ಒಂದು ಬಿಟ್ಟು ಒಂದರಂತೆ ಬಿಗಿಯಿರಿ. ಸಾಲಾಗಿ ಸುತ್ತ ಬಿಗಿದರೆ ಗಾಲಿ ಒಂದು ಕಡೆ ಓರೆಯಾಗಿ ಕೂತು, ದಾರಿಯಲ್ಲಿ ಸರಿಕೊಂಡು ನಟ್ ಸಡಿಲಾಗುತ್ತದೆ. ಟೈರು ನೆಲ ಮುಟ್ಟುವಷ್ಟು ಇಳಿಸಿ ಇನ್ನೊಂದು ಸುತ್ತು, ಜಾಕ್ ತೆಗೆದ ಮೇಲೆ ಕೊನೆಯ ಸುತ್ತು.

ಹೆಚ್ಚಿನ ಸಣ್ಣ, ಮಧ್ಯಮ ಕಾರುಗಳಿಗೆ ಬೇಕಾದ ಬಿಗಿ 85ರಿಂದ 110 ನ್ಯೂಟನ್ ಮೀಟರ್. ಕಾಲು ಮೀಟರ್ ಉದ್ದದ ಪಾನಾದ ತುದಿಗೆ ಸುಮಾರು 40 ಕೆಜಿ ಒತ್ತಿದರೆ 100 ಬರುತ್ತದೆ, ಅಂದರೆ ತೋಳು ನೆಟ್ಟಗಿಟ್ಟು ಮೈಭಾರದ ಅರ್ಧಕ್ಕಿಂತ ತುಸು ಹೆಚ್ಚು. 70 ಕೆಜಿಯ ಆಳು ಅದರ ಮೇಲೆ ಹತ್ತಿ ನಿಂತರೆ 170 ದಾಟುತ್ತದೆ: ಬೋಲ್ಟ್ ಎಳೆದುಕೊಂಡು ಸೊರಗುತ್ತದೆ, ಮುಂದಿನ ಪಂಚರಿನಲ್ಲಿ ನಟ್ ಬಿಚ್ಚಲೂ ಬಾರದು.

ಸ್ಟೆಪ್ನಿ ಉಳಿದ ಗಾಲಿಗಳಿಗಿಂತ ಸಣ್ಣದಿದ್ದರೆ ಅದರ ಮೇಲೆ 80ರ ಮಿತಿ ಅಂಟಿಸಿರುತ್ತಾರೆ, ಅದನ್ನು ಮೀರಬೇಡಿ. ಮೊದಲು ಸಿಕ್ಕ ಪಂಪಿನಲ್ಲಿ ಹವಾ ಸರಿ ಮಾಡಿಸಿ, 50 ಕಿಲೋಮೀಟರ್ ಆದ ಮೇಲೆ ನಟ್ಟುಗಳನ್ನು ಇನ್ನೊಮ್ಮೆ ನೋಡಿ. ಇಲಕಲ್ಲಿನಲ್ಲಿ ಗಾಲಿ ಬದಲಿಸಿ ಹೊರಟವರು ವಿಜಯಪುರ ಮುಟ್ಟುವವರೆಗೆ ಕಾಯುವುದು ಬೇಡ, ನಿಡಗುಂದಿಯ ಹತ್ತಿರ ಚಹಾಕ್ಕೆ ನಿಂತಾಗ ಎರಡು ನಿಮಿಷದ ಕೆಲಸ.

ಟ್ಯೂಬ್‌ಲೆಸ್ ಟೈರಿಗೆ ಮೊಳೆ ಚುಚ್ಚಿದ್ದು ಕಂಡು, ಹವಾ ಇನ್ನೂ ಅರ್ಧಕ್ಕಿಂತ ಹೆಚ್ಚಿದ್ದರೆ ಮೇಲಿನ ಯಾವುದೂ ಬೇಕಾಗದೇ ಹೋಗಬಹುದು. ಮೊಳೆ ಕೀಳಬೇಡಿ, ಸದ್ಯಕ್ಕೆ ಅದೇ ಬಿರಡೆ. ಹವಾ ತುಂಬಿಸಿ ನಿಧಾನವಾಗಿ ಪಂಚರ್ ಅಂಗಡಿಗೆ ಹೋಗಿ. ಬಳ್ಳಾರಿ ಜಾಲಿಯ ಮುಳ್ಳು ಹೀಗಲ್ಲ, ತುದಿ ಒಳಗೇ ಮುರಿದು ಉಳಿದು ದಿನಕ್ಕಿಷ್ಟರಂತೆ ಹವಾ ಇಳಿಸುತ್ತದೆ, ನೀರಿನಲ್ಲಿ ಅದ್ದಿ ಗುಳ್ಳೆ ನೋಡಿಯೇ ಹುಡುಕಬೇಕು.

ಹವಾ ಇಲ್ಲದೆ ಉರುಳಿಸಿದ ಟೈರಿಗೆ ಹೊರಗಿನಿಂದ ಬತ್ತಿ (ತೂತು ಮುಚ್ಚುವ ರಬ್ಬರ್ ಎಳೆ) ಚುಚ್ಚಿ ಕಳಿಸಲು ಬಿಡಬೇಡಿ, ರಿಮ್ಮಿನಿಂದ ಬಿಡಿಸಲು ಹೇಳಿ. ಒಳಗೆ ಕರಿ ರಬ್ಬರ್ ಪುಡಿ ಉದುರಿದರೆ, ಇಲ್ಲವೇ ಪಕ್ಕದ ಗೋಡೆಯ ಸುತ್ತ ಸವೆದ ಗೆರೆಯೊಂದು ಕಂಡರೆ ಆ ಟೈರಿನ ನೂಲು ಕೆಟ್ಟಿದೆ. ಹೊರಗೆ ಹೊಸದರಂತೆ ಹೊಳೆಯುತ್ತಿದ್ದರೂ ಅದನ್ನು ಮತ್ತೆ ಹಾಕಿಸಬೇಡಿ, ಸ್ಟೆಪ್ನಿಯಾಗಿಯೂ.